ಈ ಸಲ ಎಲ್ಲ ಪ್ರಶ್ನೆಯೂ ಲೋಳೆಯ ಬಗ್ಗೆಯೇ

ಹೋದ ಸಂಚಿಕೆಯಲ್ಲಿ ಮೀನಿನ ಹುರುಪೆಯ ಬಗ್ಗೆ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಬರೆಯುವಾಗ, ಕ್ಯಾಟ್‌ಫಿಶ್ ಗುಂಪಿನ ಮೀನುಗಳಿಗೆ, ಅಂದರೆ ಮುರುಗೋಡು, ಚೇಳು ಮೀನಿನಂಥ ಮೀಸೆಯ ಮೀನುಗಳಿಗೆ, ಹುರುಪೆ ಇರುವುದಿಲ್ಲ, ಲೋಳೆಯೇ ಅವುಗಳ ಅಂಗಿ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬಂದಿವೆ. ಅಡುಗೆಮನೆಯಿಂದ, ಹೊಂಡದ ದಡದಿಂದ, ದೂರದ ಕುವೈತ್‌ನಿಂದಲೂ ಬಂದಿವೆ. ಹಾಗಾಗಿ ಈ ತಿಂಗಳು ಬೇರೆಲ್ಲ ಬಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಳೆಗಾಲ ಶುರುವಾಯಿತು ಅಂದರೆ ನಮ್ಮ ಮನೆಗೆ ಮುರುಗೋಡು ಮೀನು ಬರುತ್ತದೆ. ತೊಳೆದಷ್ಟೂ ಲೋಳೆ ಬರುತ್ತಲೇ ಇರುತ್ತದೆ. ನೋಡಿದರೆ ಸಿಂಬಳದ ಹಾಗೇ. ನಮ್ಮ ಸೊಸೆ ಬೆಂಗಳೂರಿನವಳು, ಅದನ್ನು ಮುಟ್ಟುವುದೇ ಇಲ್ಲ. ಇದು ಕೆಸರಿನ ಗಲೀಜಾ, ಇಲ್ಲ ಮೀನಿಗೇ ಏನಾದರೂ ಕಾಯಿಲೆಯಾ?
— ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಗಲೀಜೂ ಅಲ್ಲ, ಕಾಯಿಲೆಯೂ ಅಲ್ಲ ಅಮ್ಮಾ. ಸಿಂಬಳದ ಹಾಗೆ ಅಂದಿರಲ್ಲ, ಅದು ಮಾತ್ರ ಸರಿಯಾಗಿಯೇ ಇದೆ. ನಮ್ಮ ಮೂಗು, ಗಂಟಲು, ಕರುಳಿನ ಒಳಗೋಡೆಗೆ ಹಚ್ಚಿಕೊಂಡಿರುವುದೂ ಇದೇ ಬಗೆಯ ಪದಾರ್ಥ. ಮ್ಯೂಸಿನ್ ಅಂತ ಅದರ ಹೆಸರು. ಪ್ರೋಟೀನಿನ ಎಳೆ, ಅದಕ್ಕೆ ಸುತ್ತ ಸಕ್ಕರೆಯ ಕವಲುಗಳು. ನೀರು ಸಿಕ್ಕಿದರೆ ಸಾಕು, ಉಬ್ಬಿ ಜಾರುವ ಲೋಳೆಯಾಗುತ್ತದೆ. ಸಬ್ಬಕ್ಕಿ ನೀರಲ್ಲಿ ನೆನೆದು ಉಬ್ಬುವುದನ್ನು ನೆನೆಸಿಕೊಳ್ಳಿ, ಸುಮಾರಾಗಿ ಹಾಗೆ.

ಮೀನಿಗೆ ಇದು ಯಾಕೆ ಇಷ್ಟೊಂದು ಬೇಕು ಅಂದರೆ, ಅದರ ಚರ್ಮ ನಮ್ಮ ಚರ್ಮದಂತಲ್ಲ. ನಮ್ಮ ಮೈಯ ಮೇಲ್ಪದರ ಸತ್ತುಹೋದ ಕೋಶಗಳದ್ದು, ಸ್ನಾನ ಮಾಡುವಾಗ ಉಜ್ಜಿದರೆ ಬರುವ ಕೊಳೆಯಲ್ಲಿ ಅದೂ ಇರುತ್ತದೆ. ಆ ಸತ್ತ ಪದರವೇ ನಮಗೆ ಕೋಟೆ. ಮೀನಿಗೆ ಆ ಕೋಟೆ ಇಲ್ಲ. ಅದರ ಚರ್ಮದ ಕಟ್ಟಕಡೆಯ ಕೋಶವೂ ಜೀವಂತ, ಅದರ ಆಚೆಗೆ ನೇರವಾಗಿ ಕೆರೆಯ ನೀರು. ಆ ನೀರಲ್ಲಿ ಬ್ಯಾಕ್ಟೀರಿಯಾ, ಬೂಷ್ಟು, ಪರೋಪಜೀವಿ ಎಲ್ಲ ಇರುತ್ತವೆ. ಮಧ್ಯೆ ಇರುವುದು ಈ ಲೋಳೆ ಒಂದೇ. ರೋಹು, ಕಟ್ಲಾದಂಥ ಮೀನಿಗೆ ಲೋಳೆಯ ಕೆಳಗೆ ಹುರುಪೆಯ ಇನ್ನೊಂದು ಕಾಪಾದರೂ ಇರುತ್ತದೆ. ಮುರುಗೋಡಿಗೆ, ಚೇಳು ಮೀನಿಗೆ, ಬಾಳೆ ಮೀನಿಗೆ ಅದೂ ಇಲ್ಲ.

ಚರ್ಮದಲ್ಲಿ ಹೂಜಿಯ ಆಕಾರದ ಪುಟ್ಟ ಕೋಶಗಳಿರುತ್ತವೆ. ಅವು ಹಗಲೂ ರಾತ್ರಿ ಲೋಳೆ ಮಾಡಿ ಹೊರಗೆ ಬಿಡುತ್ತಲೇ ಇರುತ್ತವೆ. ಹಳೆಯ ಲೋಳೆ ನೀರಲ್ಲಿ ಕಳಚಿಕೊಂಡು ಹೋಗುತ್ತದೆ, ಅದಕ್ಕೆ ಅಂಟಿಕೊಂಡ ರೋಗಾಣುಗಳೂ ಅದರ ಜೊತೆಗೇ ಹೋಗುತ್ತವೆ. ಅಂದರೆ ಮೀನು ಇಡೀ ದಿನ ಅಂಗಿ ಬದಲಾಯಿಸುತ್ತಲೇ ಇರುತ್ತದೆ. ನೀವು ತೊಳೆದಷ್ಟೂ ಬರುತ್ತದೆ ಅಂದಿದ್ದೀರಿ. ಜೀವ ಇರುವ ಮೀನನ್ನು, ಅಥವಾ ಈಗಷ್ಟೇ ಜೀವ ಹೋದ ಮೀನನ್ನು ತೊಳೆದಾಗ ಹಾಗೇ ಆಗುತ್ತದೆ, ಗಾಬರಿಯಲ್ಲಿ ಅದು ಇನ್ನೂ ಜಾಸ್ತಿ ಬಿಡುತ್ತದೆ.

ಬರೀ ಜಾರಿಸುವ ಕೆಲಸ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ಲೋಳೆಯೊಳಗೆ ಒಂದು ಔಷಧಿ ಅಂಗಡಿಯೇ ಇದೆ. ಲೈಸೋಜೈಮ್ ಅನ್ನುವ ಕಿಣ್ವ ಇದೆ, ನಮ್ಮ ಕಣ್ಣೀರಿನಲ್ಲಿ, ಎಂಜಲಿನಲ್ಲಿ ಇರುವುದೂ ಅದೇ ಜಾತಿಯದು; ಬ್ಯಾಕ್ಟೀರಿಯಾದ ಗೋಡೆಯನ್ನು ಒಡೆಯುವುದು ಅದರ ಕೆಲಸ. ರೋಗಕ್ಕೆ ಎದುರಾಗಿ ನಿಲ್ಲುವ ಪ್ರತಿಕಾಯಗಳಿವೆ. ರೋಗಾಣುವನ್ನು ಕೊಲ್ಲುವ ಚಿಕ್ಕ ಚಿಕ್ಕ ಪ್ರೋಟೀನಿನ ತುಣುಕುಗಳಿವೆ. 1998ರಲ್ಲಿ ಕೊರಿಯಾದ ವಿಜ್ಞಾನಿಗಳು ಆಮೂರ್ ಕ್ಯಾಟ್‌ಫಿಶ್ ಎನ್ನುವ ಮೀನಿನ ಚರ್ಮಕ್ಕೆ ಗಾಯ ಮಾಡಿ, ಅಲ್ಲಿ ಬಂದ ಲೋಳೆಯಲ್ಲಿ ಇಂಥದ್ದೊಂದು ತುಣುಕನ್ನು ಕಂಡುಹಿಡಿದರು. ಪ್ಯಾರಸಿನ್ ಅಂತ ಹೆಸರಿಟ್ಟರು. ಬರೀ 19 ಅಮೈನೋ ಆಮ್ಲಗಳ ಸರ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಏನೆಂದರೆ, ಮೀನು ಅದಕ್ಕಾಗಿ ಹೊಸದೇನನ್ನೂ ತಯಾರು ಮಾಡುವುದಿಲ್ಲ. ಕೋಶದೊಳಗೆ ಡಿಎನ್ಎ ಸುತ್ತಿಕೊಳ್ಳುವ ಉರುಳೆಯಂಥ ಪ್ರೋಟೀನು ಗಿಡಗಳಲ್ಲೂ ಪ್ರಾಣಿಗಳಲ್ಲೂ ಇರುತ್ತದಲ್ಲ, ಗಾಯವಾದ ಕೂಡಲೇ ಅದೇ ಪ್ರೋಟೀನಿನ ತುದಿಯನ್ನು ಕತ್ತರಿಸಿ ಆಯುಧ ಮಾಡಿಕೊಳ್ಳುತ್ತದೆ.

ಇನ್ನೊಂದು ವಿಷಯ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ಹೊರಗಿನ ನೀರು ಸದಾ ಒಳಗೆ ನುಗ್ಗಲು ನೋಡುತ್ತದೆ, ಒಳಗಿನ ಉಪ್ಪು ಹೊರಗೆ ಸೋರಲು ನೋಡುತ್ತದೆ. ಚರ್ಮ ಮತ್ತು ಲೋಳೆ ಒಟ್ಟಿಗೆ ಇದನ್ನು ತಡೆಯುತ್ತವೆ. ಲೋಳೆ ಕಿತ್ತು ಚರ್ಮ ಗೀರಿದ ಮೀನು ಎಷ್ಟೋ ಸಲ ರೋಗ ಬರುವ ಮೊದಲೇ ಸೊರಗುವುದು ಇದರಿಂದ. ಇದನ್ನು ಮುಂದೆ ಮಂಡ್ಯದವರ ಪ್ರಶ್ನೆಗೆ ಮತ್ತೆ ಹೇಳುತ್ತೇನೆ.

ನಿಮ್ಮ ಸೊಸೆಗೆ ಹೇಳಿ, ಈ ಮೀನಿಗೆ ನಾಲಿಗೆಯ ರುಚಿ ಮೈಯೆಲ್ಲ ಇರುತ್ತದೆ ಅಂತ. ಮೀಸೆಯಲ್ಲಿ, ರೆಕ್ಕೆಯಲ್ಲಿ, ಬೆನ್ನಲ್ಲಿ, ಬಾಲದ ತನಕ ರುಚಿಮೊಗ್ಗುಗಳು, ದೊಡ್ಡ ಮೀನಿಗೆ ಒಂದು ಲಕ್ಷಕ್ಕೂ ಜಾಸ್ತಿ. ಕಲಕಿದ ನೀರಲ್ಲಿ, ಕತ್ತಲಲ್ಲಿ ಎರೆಹುಳು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದು ಹಾಗೆ. ಆ ಮೊಗ್ಗುಗಳ ಮೇಲೂ ಇದೇ ತೆಳು ಲೋಳೆ.

ಪ್ರಶ್ನೆ: ಬೇಯಿಸುವ ಮೊದಲು ಲೋಳೆ ತೆಗೆಯಲೇಬೇಕಾ? ಯಾವುದರಲ್ಲಿ ತೊಳೆದರೆ ಬೇಗ ಹೋಗುತ್ತದೆ? ಉಪ್ಪು, ಬೂದಿ, ಹುಣಸೆಹಣ್ಣು, ವಿನೆಗರ್, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಸಕಲೇಶಪುರ

ಉತ್ತರ: ತೆಗೆಯಬೇಕು. ತಿಂದರೆ ವಿಷ ಆಗುತ್ತದೆ ಅಂತಲ್ಲ, ಬೆಂದ ಮೇಲೆ ಅದರಿಂದ ಏನೂ ಆಗುವುದಿಲ್ಲ. ಆದರೆ ಜೀವ ಹೋದ ಮೇಲೆ ಮೀನಿನ ಮೈಯಲ್ಲಿ ಮೊದಲು ಕೆಡುವ ಜಾಗಗಳಲ್ಲಿ ಇದೂ ಒಂದು. ಜೀವ ಇದ್ದಾಗ ಬ್ಯಾಕ್ಟೀರಿಯಾವನ್ನು ಓಡಿಸುತ್ತಿದ್ದ ಲೋಳೆಯೇ ಜೀವ ಹೋದ ಮೇಲೆ ಅವುಗಳಿಗೆ ಊಟ. ಸಾರಿಗೆ ಬರುವ ಕೆಟ್ಟ ವಾಸನೆಯಲ್ಲಿ ಒಂದು ಪಾಲು ಅಲ್ಲಿಂದಲೇ. ಜೊತೆಗೆ ಲೋಳೆ ಇದ್ದರೆ ಮಸಾಲೆ ಚರ್ಮಕ್ಕೆ ಹಿಡಿಯುವುದಿಲ್ಲ.

ನೀವು ಬರೆದ ನಾಲ್ಕೂ ಕೆಲಸ ಮಾಡುತ್ತವೆ, ಒಂದೊಂದು ಒಂದೊಂದು ರೀತಿಯಲ್ಲಿ. ಕಲ್ಲುಪ್ಪು ಲೋಳೆಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ಹರಳಿನ ತರಿ ಉಜ್ಜಲು ಅನುಕೂಲ. ಹುಣಸೆ, ನಿಂಬೆ, ವಿನೆಗರ್, ಕೊಡಗಿನವರ ಕಾಚಂಪುಳಿ, ಎಲ್ಲವೂ ಹುಳಿ. ಹುಳಿ ತಾಗಿದರೆ ಲೋಳೆ ಹಾಲು ಒಡೆದ ಹಾಗೆ ಗಂಟುಗಟ್ಟುತ್ತದೆ, ಆಮೇಲೆ ಕೈಯಲ್ಲೇ ಬಾಚಿ ತೆಗೆಯಬಹುದು. ಬಿಸಿನೀರು ಹೊಯ್ದರೂ ಹಾಗೇ, ಮೊಟ್ಟೆಯ ಬಿಳಿಯಂತೆ ಬೆಳ್ಳಗಾಗುತ್ತದೆ. ಆದರೆ ನೀರು ಕುದಿಯುತ್ತಿದ್ದರೆ ಚರ್ಮ ಸಿಡಿದು ಮಾಂಸವೂ ಅರೆಬೇಯುತ್ತದೆ. ಕೈ ಮುಟ್ಟಲಾಗದಷ್ಟು ಬಿಸಿ ಇರಲಿ, ಕುದಿ ಬೇಡ. ಹೊಯ್ದು ಕೂಡಲೇ ತಣ್ಣೀರಿಗೆ ಹಾಕಿ.

ನನಗೆ ಬೂದಿಯೇ ಮೊದಲು. ನಮ್ಮ ಅಜ್ಜಿ ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಂಗಿನ ಕರಟದಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇನ್ನೊಂದು ಒರಟು ಕಲ್ಲಿತ್ತು, ಅದು ಮೀನಿಗೇ ಮೀಸಲು. ಮೀನಿನ ಮೇಲೆ ಬೂದಿ ಚೆಲ್ಲಿ ಎರಡು ನಿಮಿಷ ಹಾಗೇ ಬಿಡುತ್ತಿದ್ದರು. ಬೂದಿ ಒದ್ದೆಯಾಗಿ ಬೂದುಬಣ್ಣದ ಗಂಜಿಯಂತಾಗುತ್ತಿತ್ತು. ಆಮೇಲೆ ತಲೆಯ ಕಡೆಯಿಂದ ಬಾಲದ ಕಡೆಗೆ ಕಲ್ಲಿನ ಮೇಲೆ ಒಂದೇ ದಿಕ್ಕಿಗೆ ಎಳೆಯುತ್ತಿದ್ದರು, ಹಿಂದೆ ಮುಂದೆ ತಿಕ್ಕುತ್ತಿರಲಿಲ್ಲ. ಮೂರು ಸಲ ಎಳೆದರೆ ಕಪ್ಪು ಮೈ ಹೋಗಿ ಬಿಳಿಚಿದ ಚರ್ಮ ಕಾಣುತ್ತಿತ್ತು, ಬೆರಳಲ್ಲಿ ಒತ್ತಿದರೆ ಕಿರ್ರನೆ ಸದ್ದು ಬರಬೇಕು. ಆ ಸದ್ದು ಬಂದ ಮೇಲೆಯೇ ಮೆಟ್ಟುಗತ್ತಿಯ ಹತ್ತಿರ ಕೂರುತ್ತಿದ್ದದ್ದು. ಬೂದಿ ಲೋಳೆಯ ನೀರನ್ನು ಕುಡಿದು ಅದನ್ನು ಗಟ್ಟಿ ಮಾಡುತ್ತದೆ, ಕೈಗೆ ಹಿಡಿತ ಕೊಡುತ್ತದೆ. ಒಂದೇ ಎಚ್ಚರ ಬೇಕು: ಬೂದಿ ಶುದ್ಧ ಕಟ್ಟಿಗೆಯದ್ದೇ ಆಗಿರಬೇಕು. ಪ್ಲಾಸ್ಟಿಕ್ಕು, ಬಣ್ಣ ಹಚ್ಚಿದ ಮರ ಸುಟ್ಟ ಒಲೆಯ ಬೂದಿ ಮುಟ್ಟಬೇಡಿ.

ಪೇಟೆಯಲ್ಲಿ ಬೂದಿ ಎಲ್ಲಿ ಸಿಗಬೇಕು ಅಂತೀರಾ? ಒಂದು ಹಿಡಿ ಕಲ್ಲುಪ್ಪು, ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಹತ್ತು ನಿಮಿಷ. ಸಾಕು.

ಕೊಳ್ಳುವಾಗ ಲೋಳೆಯನ್ನೇ ನೋಡಿ ಕೊಳ್ಳಬಹುದು ಗೊತ್ತಾ? ತಾಜಾ ಮೀನಿನ ಲೋಳೆ ನೀರಿನ ಹಾಗೆ ತಿಳಿಯಾಗಿ ಹೊಳೆಯುತ್ತದೆ. ಹಾಲುಹಾಲಾಗಿದ್ದರೆ, ಹಳದಿ ತಿರುಗಿ ಅಂಟುಅಂಟಾಗಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಕೆಲವರು ಲೋಳೆ ಪೂರ್ತಿ ತೊಳೆದಿಟ್ಟು ಮಾರುತ್ತಾರೆ, ಆಗ ಕಣ್ಣು, ಕಿವಿರು ನೋಡಿಯೇ ಹೇಳಬೇಕಾಗುತ್ತದೆ.

ಪ್ರಶ್ನೆ: ಲೋಳೆ ಚೆನ್ನಾಗಿ ತೆಗೆದರೂ ಕೆರೆಮೀನಿನ ಮಣ್ಣುವಾಸನೆ ಹೋಗುವುದಿಲ್ಲ. ಯಾಕೆ?
— ದಾವಣಗೆರೆ

ಉತ್ತರ: ಆ ವಾಸನೆ ಲೋಳೆಯದ್ದಲ್ಲ. ಜಿಯೋಸ್ಮಿನ್ ಅನ್ನುವ ವಸ್ತುವಿನದ್ದು. ಮೊದಲ ಮಳೆಗೆ ನೆಲ ಘಮ್ಮೆನ್ನುತ್ತದಲ್ಲ, ಅದೂ ಇದೇ. ಕೆರೆಯಲ್ಲಿ ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಬಿಡುತ್ತವೆ, ಮೀನಿನ ಕೊಬ್ಬಿನಲ್ಲಿ ಹೋಗಿ ಸೇರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಒಳಗಿನದು ಹೋಗುವುದಿಲ್ಲ. ಜೀವಂತ ಮೀನು ಸಿಕ್ಕಿದರೆ ಕೆಲವು ದಿನ ಶುದ್ಧ ನೀರಲ್ಲಿ ಬಿಡಿ, ದಿನಾ ನೀರು ಬದಲಾಯಿಸಿ, ತನ್ನಷ್ಟಕ್ಕೆ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಹುಳಿ ಹಾಕಿ. ಹುಳಿ ತಾಗಿದರೆ ಜಿಯೋಸ್ಮಿನ್ ವಾಸನೆಯಿಲ್ಲದ ಬೇರೆ ವಸ್ತುವಾಗಿ ಬದಲಾಗುತ್ತದೆ. ಕೆರೆಮೀನಿನ ಸಾರಿಗೆ ಹುಳಿ ಮುಂದಾಗಿರಬೇಕು ಅನ್ನುವುದು ಸುಮ್ನೆ ಹುಟ್ಟಿದ ರೂಢಿಯಲ್ಲ.

ಪ್ರಶ್ನೆ: ಸಾರ್, ಹೊಂಡ ತೋಡಿಸಿ ಪಂಗಾಸಿಯಸ್ ಅನ್ನುವ ಸಾಕು ಕ್ಯಾಟ್‌ಫಿಶ್ ಮರಿ ಬಿಟ್ಟೆ. ಮೂರನೇ ದಿನ ಮರಿಗಳ ಮೈಮೇಲೆ ಬಿಳಿ ಬಟ್ಟೆ ಹೊದೆಸಿದ ಹಾಗೆ ಲೋಳೆ. ಕೆಲವಕ್ಕೆ ಲೋಳೆ ಹರಿದು ಹರಿದು ನೇತಾಡುತ್ತಿತ್ತು. ವಾರದಲ್ಲಿ ಅರ್ಧ ಹೋದವು. ಹೊಂಡಕ್ಕೆ ಸುಣ್ಣ ಹಾಕಿ ಎರಡು ದಿನ ಬಿಟ್ಟು ಮರಿ ಬಿಟ್ಟಿದ್ದೆ. ನನ್ನ ತಪ್ಪು ಎಲ್ಲಿ?
— ಮಂಡ್ಯ ಜಿಲ್ಲೆಯ ರೈತರು

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನದೇ ಹಳೆಯ ನೋವು ನೆನಪಾಯಿತು. ಮೊದಲ ಸಲ ಮರಿ ತಂದಾಗ, ಕೊಟ್ಟವರು ಒಣಗಿದ ಗೋಣಿಚೀಲದ ಮೇಲೆ ಮರಿಗಳನ್ನು ಸುರಿದು, ಒಣಕೈಯಲ್ಲಿ ಎಣಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರು. ನಾನೂ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಏನಾಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಗೋಣಿಯ ಮೇಲೆ ಉಳಿದ ಆ ಹೊಳೆಯುವ ಒದ್ದೆ ಕಲೆಗಳು ಮರಿಗಳ ಲೋಳೆ. ನಾಲ್ಕನೇ ದಿನಕ್ಕೆ ಬೆನ್ನಿನ ಮೇಲೆ ಹತ್ತಿಯಂಥ ಬಿಳಿ ಪಟ್ಟೆ ಎದ್ದಿತು. ಹತ್ತನೇ ದಿನಕ್ಕೆ ಹೊಂಡ ಖಾಲಿ. ಅವತ್ತಿನಿಂದ ನಾನು ಒದ್ದೆಕೈ ಇಲ್ಲದೆ ಮೀನು ಮುಟ್ಟಿಲ್ಲ, ಮುಟ್ಟಲು ಬಿಟ್ಟೂ ಇಲ್ಲ.

ನಿಮ್ಮಲ್ಲಿ ನನಗೆ ಮೊದಲ ಅನುಮಾನ ಸುಣ್ಣದ ಮೇಲೆ. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಒಮ್ಮೆಲೇ ಏರುತ್ತದೆ. ಎರಡು ದಿನಕ್ಕೆ ಅದು ಇಳಿದಿರುವುದಿಲ್ಲ. ಅಂಥ ನೀರು ಮರಿಯ ಮೈಯನ್ನೂ ಕಿವಿರನ್ನೂ ಸುಡುತ್ತದೆ. ಸುಟ್ಟುಕೊಂಡ ಮೀನು ತಡೆದುಕೊಳ್ಳಲು ಲೋಳೆಯನ್ನು ರಾಶಿರಾಶಿ ಬಿಡುತ್ತದೆ, ನೀವು ನೋಡಿದ ಬಿಳಿ ಬಟ್ಟೆ ಅದೇ ಇರಬೇಕು. ಕಿವಿರಿನಲ್ಲೂ ಲೋಳೆ ತುಂಬಿಕೊಂಡರೆ ಉಸಿರು ಸಿಗುವುದಿಲ್ಲ. ಕೊನೆಗೆ ಲೋಳೆ ಮಾಡುವ ಶಕ್ತಿಯೇ ಮುಗಿದು, ಹರಿದು ನೇತಾಡಲು ಶುರುವಾಗುತ್ತದೆ. ಮುಂದಿನ ಸಲ ಸುಣ್ಣ ಹಾಕಿದ ಮೇಲೆ ಒಂದು ವಾರ ಹತ್ತು ದಿನ ಬಿಟ್ಟು, ಪಿಎಚ್ 6.5ರಿಂದ 8.5ರ ಒಳಗಿದೆಯಾ ನೋಡಿಕೊಂಡೇ ಮರಿ ಬಿಡಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೂರು ಗಂಟೆಗೆ ಒಂದು ಸಲ ನೋಡಬೇಕು. ಪಾಚಿ ಜಾಸ್ತಿ ಇರುವ ಹೊಂಡದಲ್ಲಿ ಮಧ್ಯಾಹ್ನ ಪಿಎಚ್ ಏರುತ್ತದೆ, ಪಿಎಚ್ ಏರಿದಾಗ ಅಮೋನಿಯಾದ ವಿಷವೂ ಜಾಸ್ತಿಯಾಗುತ್ತದೆ.

ಒಂದು ಮಾತು ನೆನಪಿರಲಿ: ಲೋಳೆ ಜಾಸ್ತಿಯಾಗುವುದು ರೋಗವಲ್ಲ, ಮೀನಿನ ಕೂಗು. ಅಮೋನಿಯಾ, ಕ್ಲೋರಿನ್, ಹುಳಿ ನೀರು, ಪರೋಪಜೀವಿ, ಯಾವುದಾದರೂ ಒಂದು ಮೈಗೆ ಉರಿ ಕೊಡುತ್ತಿದೆ ಅಂತ ಅರ್ಥ. ಮೊದಲು ಔಷಧಿ ಅಂಗಡಿಗೆ ಓಡಬೇಡಿ, ಮೊದಲು ನೀರು ನೋಡಿ. ಕಾಲು ಭಾಗ ನೀರು ಬದಲಾಯಿಸಿ. ಮೇವು ಒಂದು ದಿನ ನಿಲ್ಲಿಸಿ.

ಇನ್ನು ಮರಿ ತರುವ ದಿನದ ಕೆಲಸ. ಬಲೆ ಗಂಟು ಇಲ್ಲದ ಮೆತ್ತನೆಯದಾಗಿರಲಿ. ಬಲೆ, ಬುಟ್ಟಿ, ಕೈ, ಎಲ್ಲ ಮೊದಲೇ ಹೊಂಡದ ನೀರಲ್ಲಿ ಒದ್ದೆ ಮಾಡಿ. ಒಂದೊಂದೇ ಹಿಡಿದು ಎಣಿಸಬೇಡಿ, ನೀರಿನ ಸಮೇತ ಮಗ್ಗಿನಲ್ಲಿ ಅಳೆಯಿರಿ. ತರುವ ನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಕಲ್ಲುಪ್ಪು ಹಾಕಿ. ಮೇಲೆ ಹೇಳಿದೆನಲ್ಲ, ಲೋಳೆ ಕಿತ್ತ ಮೀನಿನಿಂದ ಉಪ್ಪು ಹೊರಗೆ ಸೋರುತ್ತದೆ, ಒಳಗೆ ನೀರು ನುಗ್ಗುತ್ತದೆ ಎಂದು; ನೀರಲ್ಲೂ ಸ್ವಲ್ಪ ಉಪ್ಪಿದ್ದರೆ ಆ ಎಳೆದಾಟ ಕಡಿಮೆಯಾಗುತ್ತದೆ, ಮರಿಗೆ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಚೀಲವನ್ನು ಹೊಂಡದಲ್ಲಿ ತೇಲಿಸಿ, ಎರಡೂ ಕಡೆಯ ಬಿಸಿ ಒಂದಾದ ಮೇಲೆ, ನಿಧಾನವಾಗಿ ಹೊಂಡದ ನೀರು ಬೆರೆಸುತ್ತಾ ಬಿಡಿ. ಬಿಸಿಲಲ್ಲಿ ಬೇಡ.

ಬೆನ್ನ ಮೇಲೆ ಹಳದಿಬಿಳಿ ಪಟ್ಟೆ, ಹತ್ತಿಯಂತೆ ಅಂಚು ಇದ್ದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ ಆಗಿರುವ ಸಾಧ್ಯತೆ ಜಾಸ್ತಿ, ಬೂಷ್ಟಲ್ಲ. ಬೆಚ್ಚಗಿನ ನೀರು, ದಟ್ಟಣೆ, ಗೀರಿದ ಚರ್ಮ, ಮೂರೂ ಸೇರಿದಾಗ ಬರುತ್ತದೆ. ಹತ್ತಿರದ ಮೀನುಗಾರಿಕೆ ಕಚೇರಿಗೆ ಜೀವಂತ ಮರಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಸತ್ತು ಆರು ಗಂಟೆಯಾದ ಮರಿಯಿಂದ ಏನೂ ಹೇಳಲಾಗುವುದಿಲ್ಲ.

ನೀವು ಪಂಗಾಸಿಯಸ್ ಸಾಕಿದ್ದು ಸರಿ. ಪತ್ರದ ಕೊನೆಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತದಂತೆ, ಹಾಕಲಾ ಅಂತಲೂ ಕೇಳಿದ್ದೀರಿ. ಬೇಡ. 2000ರಲ್ಲೇ ಕೇಂದ್ರ ಸರ್ಕಾರ ಅದರ ಸಾಕಣೆ ನಿಷೇಧಿಸಿದೆ. ಒಂದು ಪ್ರವಾಹ ಬಂದು ಹೊಂಡದ ದಡ ಒಡೆದರೆ ಅದು ಕಾಲುವೆ ಸೇರಿ, ಹೊಳೆ ಸೇರಿ, ನಮ್ಮ ಮುರುಗೋಡನ್ನೂ ಇತರ ಮೀನುಗಳನ್ನೂ ತಿಂದು ಮುಗಿಸುತ್ತದೆ. ನಮ್ಮ ಹೊಳೆಗಳ ಮೀನು ಒಮ್ಮೆ ಹೋದರೆ ಯಾವ ಸಬ್ಸಿಡಿಯಿಂದಲೂ ತರಲಾಗುವುದಿಲ್ಲ.

ಪ್ರಶ್ನೆ: ನಾನು ಕುಂದಾಪುರದವನು, ಕೆಲಸ ಕುವೈತ್‌ನಲ್ಲಿ. ಇಲ್ಲಿಯ ಕಡಲ ಕ್ಯಾಟ್‌ಫಿಶ್ ಲೋಳೆ ಹಚ್ಚಿದರೆ ಗಾಯ ಬೇಗ ಮಾಯುತ್ತದಂತೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೂ ಒಳ್ಳೆಯದಂತೆ. ಊರಲ್ಲಿ ಅಪ್ಪಯ್ಯನಿಗೆ ಅಂಥ ಹುಣ್ಣು ಇದೆ. ನಮ್ಮ ಕಡೆಯ ಶೇಡಿ ಮೀನಿನ ಲೋಳೆ ಹಚ್ಚಬಹುದಾ?
— ಕುವೈತ್

ಉತ್ತರ: ಮೊದಲು ಉತ್ತರ: ಹಚ್ಚಬೇಡಿ. ಇವತ್ತೇ ಊರಿಗೆ ಫೋನ್ ಮಾಡಿ ಹೇಳಿ.

ನೀವು ಕೇಳಿದ ಸುದ್ದಿ ಸುಳ್ಳಲ್ಲ. ಕುವೈತ್ ವಿಶ್ವವಿದ್ಯಾಲಯದ ಜಾಸಿಂ ಅಲ್-ಹಸನ್ ಮತ್ತು ಜೊತೆಯವರು 1980ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಕೊಲ್ಲಿಯ ಆ ಮೀನು ಹೆದರಿದಾಗ ಅಥವಾ ಗಾಯವಾದಾಗ ಮಾಮೂಲಿ ಲೋಳೆಯ ಜೊತೆಗೆ ಚರ್ಮದಿಂದ ಗಟ್ಟಿ ಜೆಲ್ಲಿಯಂಥದ್ದನ್ನು ಬಿಡುತ್ತದೆ. ಅದರಲ್ಲಿ ಪ್ರೋಟೀನೂ ಇದೆ, ಕೊಬ್ಬಿನಂಶವೂ ಇದೆ. ಅದರಿಂದ ತಯಾರಿಸಿದ್ದನ್ನು ಹಚ್ಚಿದ ಪ್ರಾಣಿಗಳಲ್ಲಿ ಗಾಯ ಬೇಗ ಕೂಡಿತು. ಸಕ್ಕರೆ ಕಾಯಿಲೆಯ ಹುಣ್ಣಿನ ಕಡೆಗೂ ಆ ಕೆಲಸ ಹೋಯಿತು.

ಆದರೆ ಅವರು ಬಳಸಿದ್ದು ಪ್ರಯೋಗಾಲಯದಲ್ಲಿ ಬೇರ್ಪಡಿಸಿ, ಶುದ್ಧ ಮಾಡಿದ್ದನ್ನು. ಅದೇ ಜೆಲ್ಲಿಯಲ್ಲಿ ರಕ್ತಕ್ಕೆ ಸೇರಿದರೆ ವಿಷವಾಗುವ ಪ್ರೋಟೀನುಗಳೂ ಇವೆ ಎಂದು ತೋರಿಸಿದವರೂ ಅವರೇ. ಮೀನಂಗಡಿಯಿಂದ ತಂದ ಮೀನಿನ ಲೋಳೆಯಲ್ಲಿ ವಿಬ್ರಿಯೋ, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಕಾಯಿಲೆಯವರ ತೆರೆದ ಹುಣ್ಣಿಗೆ ಅವು ಹೊಕ್ಕರೆ ಕಾಲಿಗೇ, ಜೀವಕ್ಕೇ ಅಪಾಯ. ಅಪ್ಪಯ್ಯನವರನ್ನು ಹುಣ್ಣು ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಹೇಳಿ, ಸಕ್ಕರೆ ಹಿಡಿತಕ್ಕೆ ಬರದೆ ಯಾವ ಲೇಪವೂ ಕೆಲಸ ಮಾಡುವುದಿಲ್ಲ.

ಕಡಲ ಕ್ಯಾಟ್‌ಫಿಶ್ ಮಾತು ಬಂತು, ಇದನ್ನು ಹೇಳದೆ ಬಿಡಲು ಮನಸ್ಸಾಗುವುದಿಲ್ಲ. ಆ ಮೀನಿನ ಗಂಡು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು, ಊಟ ಬಿಟ್ಟು, ಮರಿಯಾಗುವ ತನಕ ಕಾಯುತ್ತದೆ. ಒಂದೊಂದು ಮೊಟ್ಟೆ ಗೋಲಿಯಷ್ಟು ದಪ್ಪ. ನಮ್ಮ ಕರಾವಳಿಯಲ್ಲಿ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಮೊಟ್ಟೆ ಹೊತ್ತ ಗಂಡುಗಳ ಹಿಂಡು ಹಿಂಡೇ ಬಲೆಗೆ ಬಿದ್ದವು. ಆಮೇಲೆ ಆ ಮೀನು ಹೇಗೆ ಕಡಿಮೆಯಾಯಿತು ಎಂದು ನಿಮ್ಮ ಊರಿನ ಹಿರಿಯ ಮೀನುಗಾರರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ಚೇಳು ಮೀನು ಚುಚ್ಚಿದರೆ ಕೈಯೆಲ್ಲ ಸೆಳೆಯುತ್ತದೆ. ವಿಷ ಲೋಳೆಯಲ್ಲಿದೆಯಾ, ಮುಳ್ಳಿನಲ್ಲಿದೆಯಾ? ನಮ್ಮಲ್ಲಿ ಸುಣ್ಣ ಹಚ್ಚುತ್ತಾರೆ.
— ತಿ. ನರಸೀಪುರ

ಉತ್ತರ: ಮುಖ್ಯವಾಗಿ ಮುಳ್ಳಿನಲ್ಲಿ. ಎದೆಯ ಎರಡು ರೆಕ್ಕೆಗಳ ಮುಂದಿನ ಮುಳ್ಳಿನ ಪಕ್ಕದಲ್ಲಿ, ತೆಳು ಚರ್ಮದ ಕೆಳಗೆ ವಿಷದ ಗ್ರಂಥಿ ಇರುತ್ತದೆ. ಚುಚ್ಚಿದಾಗ ಆ ಚರ್ಮ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ, ಮುಳ್ಳಿಗೆ ಅಂಟಿದ ಲೋಳೆಯೂ ಜೊತೆಗೆ ಹೋಗುತ್ತದೆ. ವಿಷದಿಂದ ಉರಿ, ಲೋಳೆಯ ಬ್ಯಾಕ್ಟೀರಿಯಾದಿಂದ ಕೀವು. 2009ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ ಜಗತ್ತಿನ ಕ್ಯಾಟ್‌ಫಿಶ್‌ಗಳಲ್ಲಿ ಕಡಿಮೆಯೆಂದರೂ 1,250 ಜಾತಿಗಳಿಗೆ ವಿಷ ಇರಬಹುದು. ಚೇಳು ಮೀನಿನದು ಅದರಲ್ಲಿ ಹೆಸರಾದದ್ದು, ಹೆಸರೇ ಹೇಳುತ್ತದಲ್ಲ.

ಸುಣ್ಣ ಬೇಡ, ಬ್ಲೇಡಿನಲ್ಲಿ ಕೊಯ್ಯುವುದೂ ಬೇಡ. ಬಿಸಿನೀರು ಮಾಡಿ. ಈ ವಿಷ ಪ್ರೋಟೀನು, ಬಿಸಿಗೆ ಕೆಡುತ್ತದೆ. ತಡೆದುಕೊಳ್ಳುವಷ್ಟು ಬಿಸಿ, ಅಂದರೆ 45 ಡಿಗ್ರಿ ಮೀರದ ಹಾಗೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈಯನ್ನು ಅದರಲ್ಲಿ ಇಡಿ. ನೋವಿನ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಆದ್ದರಿಂದ ಮೊದಲು ಇನ್ನೊಂದು ಕೈ ಅದ್ದಿ ನೋಡಿ. ಆಮೇಲೆ ಆಸ್ಪತ್ರೆಗೆ ಹೋಗಿ, ಮುಳ್ಳಿನ ಚೂರು ಒಳಗೆ ಉಳಿದಿದೆಯಾ ನೋಡಿಸಿ, ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಮಾರನೇ ದಿನ ಊತ ಏರಿದರೆ, ಕೆಂಪು ಗೆರೆ ಮೇಲಕ್ಕೆ ಹೋದರೆ, ಉಸಿರು ಕಟ್ಟಿದಂತಾದರೆ ಒಂದು ಗಂಟೆಯೂ ಕಾಯಬೇಡಿ.

ಪ್ರಶ್ನೆ: ನಾನು 9ನೇ ತರಗತಿ. ಒಂದು ಮೀನಿಗೆ ಗಾಯವಾದರೆ ಬೇರೆ ಮೀನುಗಳಿಗೆ ಗೊತ್ತಾಗುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ? ಇನ್ನೊಂದು, ನಮ್ಮ ಅಕ್ವೇರಿಯಂನ ಸಕ್ಕರ್ ಫಿಶ್ ಕೂಡ ಕ್ಯಾಟ್‌ಫಿಶ್ಶೇ ಅಂತೆ, ಅದಕ್ಕೆ ಮೈ ಗರಗಸದ ಹಾಗಿದೆ, ಲೋಳೆ ಯಾಕಿಲ್ಲ?
— ಬೆಂಗಳೂರು

ಉತ್ತರ: ಮಾವ ಹೇಳಿದ್ದು ನಿಜ ಪುಟ್ಟಾ. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರೇ ಇದನ್ನೂ ಕಂಡುಹಿಡಿದವರು. ಮಿನ್ನೋ ಎನ್ನುವ ಪುಟ್ಟ ಮೀನುಗಳಲ್ಲಿ, ಗಾಯಗೊಂಡ ಒಂದರ ಚರ್ಮದ ರಸ ನೀರಿಗೆ ಸೇರಿದ ಕೂಡಲೇ ಉಳಿದವು ದಿಕ್ಕಾಪಾಲಾದವು. 1938ರಲ್ಲಿ ಅದನ್ನು ಬರೆದರು. ಆ ಗುಂಪಿಗೆ ಕ್ಯಾಟ್‌ಫಿಶ್ ಕೂಡ ನೆಂಟ. ಇವುಗಳ ಚರ್ಮದಲ್ಲಿ ಲೋಳೆ ಬಿಡುವ ಕೋಶಗಳ ಜೊತೆಗೆ ಗದೆಯಂಥ ದೊಡ್ಡ ಕೋಶಗಳಿವೆ. ಅವುಗಳಿಗೆ ಹೊರಗೆ ಬಾಯಿಯೇ ಇಲ್ಲ. ಚರ್ಮ ಹರಿದರೆ ಮಾತ್ರ ಒಡೆದು ಒಳಗಿನದು ನೀರಿಗೆ ಸೇರುತ್ತದೆ. ಹತ್ತಿರದ ಮೀನು ಅದನ್ನು ಮೂಸಿ ಓಡುತ್ತದೆ, ಇಲ್ಲವೇ ತಳಕ್ಕೆ ಇಳಿದು ಅಲ್ಲಾಡದೆ ಕೂರುತ್ತದೆ.

ನಿನ್ನ ಸಕ್ಕರ್ ಫಿಶ್‌ಗೂ ಲೋಳೆ ಇದೆ. ಅದಕ್ಕೆ ಹುರುಪೆಯ ಬದಲು ಮೂಳೆಯ ತಟ್ಟೆಗಳಿವೆ, ಅದರ ಮೇಲೆ ಸಣ್ಣ ಹಲ್ಲಿನಂಥ ತರಿ. ಆ ತಟ್ಟೆಗಳ ಮೇಲೂ ತೆಳು ಚರ್ಮ, ಚರ್ಮದ ಮೇಲೆ ಲೋಳೆ. ಹೊಟ್ಟೆಯ ಕಡೆ ಮೆತ್ತಗಿರುತ್ತದೆ, ಗಾಜಿಗೆ ಅಂಟಿಕೊಂಡಾಗ ನೋಡು. ಬಲೆಗೆ ಅದರ ಮುಳ್ಳು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿ. ನಲ್ಲಿ ನೀರು ನೇರ ಹಾಕಬೇಡ, ಕ್ಲೋರಿನ್ ಲೋಳೆಯನ್ನೂ ಕಿವಿರನ್ನೂ ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಬಳಸು. ಬಿಳಿಚುಕ್ಕೆ ರೋಗಕ್ಕೆ ಔಷಧಿ ಹಾಕುವುದಾದರೆ ಬಾಟಲಿಯ ಮೇಲೆ ಹುರುಪೆಯಿಲ್ಲದ ಮೀನಿಗೆ ಎಷ್ಟು ಎಂದು ಬರೆದಿರುವುದನ್ನು ಅಪ್ಪ ಅಮ್ಮನ ಜೊತೆ ಕೂತು ಓದು, ಬರಿಮೈಯ ಮೀನಿಗೆ ತಾಮ್ರದಂಥ ಔಷಧಿ ಬೇಗ ಜಾಸ್ತಿಯಾಗುತ್ತದೆ. ಮತ್ತೆ ಅದು ದೊಡ್ಡದಾಯಿತು ಅಂತ ಕೆರೆಗೆ ಮಾತ್ರ ಬಿಡಬೇಡ. ಹಾಗೆ ಬಿಟ್ಟವೇ ಈಗ ದೇಶದ ಎಷ್ಟೋ ಕಡೆ ಕೆರೆ, ನದಿಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿವೆ.

ಪ್ರಶ್ನೆ: ಜೂನ್ ತಿಂಗಳ ಒಂದು ರಾತ್ರಿ, ಜೋರು ಮಳೆ, ನಮ್ಮ ಮನೆ ಮುಂದಿನ ಟಾರು ರಸ್ತೆ ಮೇಲೆ ಮುರುಗೋಡು ಮೀನು ಹರಿದುಕೊಂಡು ಹೋಗುತ್ತಿತ್ತು. ನೀರಿಲ್ಲದೆ ಅದು ಬದುಕುವುದು ಹೇಗೆ?
— ಹೊಸನಗರ

ಉತ್ತರ: ನಿಮ್ಮದು ಪುಣ್ಯ, ಅದನ್ನು ಕಣ್ಣಾರೆ ನೋಡಿದ್ದೀರಿ. ಹತ್ತುಮೀನಿನ ಕಾಲ ಅದು. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಮೀನು ಹತ್ತುತ್ತದೆ, ಜನ ಅದೇ ದಾರಿಗೆ ಮೀನು ಹಿಡಿಯುವ ಕೂಣಿ ಇಡುತ್ತಾರೆ. ಗದ್ದೆಗೂ ಗದ್ದೆಗೂ ನಡುವೆ ರಸ್ತೆ ಬಂದರೆ ಮುರುಗೋಡು ರಸ್ತೆಯನ್ನೂ ದಾಟುತ್ತದೆ. ಕಿವಿರಿನ ಮೇಲ್ಭಾಗದಲ್ಲಿ ಹೂಕೋಸಿನ ಚೂರಿನಂಥ ಕೆಂಪು ಅಂಗವೊಂದಿದೆ, ಅದರಿಂದ ನೇರ ಗಾಳಿಯನ್ನೇ ಉಸಿರಾಡುತ್ತದೆ. ಎದೆಯ ಮುಳ್ಳುಗಳನ್ನು ಮೊಣಕೈಯಂತೆ ಊರಿ, ಮೈ ಬಳುಕಿಸಿ ಮುಂದೆ ಸಾಗುತ್ತದೆ. ಅಷ್ಟು ಹೊತ್ತೂ ಚರ್ಮ ಒಣಗದಂತೆ ನೋಡಿಕೊಳ್ಳುವುದು ಲೋಳೆ. ಕಲ್ಲು, ಜಲ್ಲಿಗೆ ಮೈ ತರಚದಂತೆ ಜಾರಿಸುವುದೂ ಅದೇ. ರಾತ್ರಿ, ಅದೂ ಮಳೆಯಲ್ಲೇ ಅದು ಹೊರಡುವುದು ಯಾಕೆ ಎಂದು ಈಗ ನಿಮಗೇ ಹೊಳೆದಿರಬೇಕು. ಬಿಸಿಲಿಗೆ ಆ ಲೋಳೆ ಹೆಚ್ಚು ಹೊತ್ತು ತಡೆಯುವುದಿಲ್ಲ.

ಮುಂದಿನ ಸಲ ಕಂಡರೆ, ವಾಹನ ಬರುವ ರಸ್ತೆಯಾದರೆ, ದಾಟಿಸಿಬಿಡಿ. ಬಟ್ಟೆಯಲ್ಲಿ ಹಿಡಿಯಬೇಡಿ, ಬಟ್ಟೆ ಲೋಳೆಯನ್ನೆಲ್ಲ ಕುಡಿದುಬಿಡುತ್ತದೆ. ಬಾಳೆಎಲೆ ಅಥವಾ ಕೆಸುವಿನ ಎಲೆ ಮಳೆನೀರಲ್ಲಿ ನೆನೆದಿರುತ್ತದಲ್ಲ, ಅದನ್ನು ಅದರ ಮುಂದೆ ಹಾಸಿ, ಹಿಂದಿನಿಂದ ಒದ್ದೆಕೈಯಲ್ಲಿ ಮೆಲ್ಲಗೆ ತಳ್ಳಿ. ಎದೆಯ ಮುಳ್ಳಿನ ಹತ್ತಿರ ಬೆರಳು ಹೋಗದಿರಲಿ. ಅದು ಯಾವ ಕಡೆಗೆ ಮುಖ ಮಾಡಿತ್ತೋ ಅದೇ ಕಡೆಯ ಗದ್ದೆಗೆ ಬಿಡಿ, ಬಂದ ಕಡೆಗೆ ಬಿಟ್ಟರೆ ಮತ್ತೆ ರಸ್ತೆಗೇ ಹತ್ತುತ್ತದೆ.